ಜುಲೈ ಮಳೆಯಲ್ಲಿ ಜಪಾನಿನ ಬೆಟ್ಟ ಹತ್ತಬಹುದಾ? ಯಾರಿಗಾತಕೆ ಪ್ಲಾನ್ ಬಗ್ಗೆ ಸಲಹೆ ಬೇಕು

ಮಳೆಕಾಡು:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗಂಡ ಮತ್ತು ಮೈದುನ ಜುಲೈ ಎರಡನೇ ವಾರ ಜಪಾನಿಗೆ ಹೋಗುತ್ತಿದ್ದೇವೆ. ರಜೆ ಸಿಕ್ಕಿದ್ದೇ ಆಗ, ಟಿಕೆಟ್ ಕೂಡ ಆಗಿದೆ. ಕಾಮಿಕೋಚಿ ಕಣಿವೆಯಿಂದ ಹೊರಟು ಯಾರಿಗಾತಕೆ ಬೆಟ್ಟ ಹತ್ತಿ ಇಳಿಯೋದು ನಮ್ಮ ಆಸೆ. 3180 ಮೀಟರ್, ಈಟಿಯ ಮೊನೆಯಂಥ ಶಿಖರ, ಫೋಟೋ ನೋಡಿದಾಗಿನಿಂದ ತಲೆಯಿಂದ ಹೋಗುತ್ತಿಲ್ಲ. ಈಗ ಹವಾಮಾನ ನೋಡಿದರೆ ಆ ವಾರ ಪೂರ್ತಿ ಮಳೆ ಅಂತ ತೋರಿಸುತ್ತಿದೆ. ನಾವು ಮೂವರೂ ತೀರ್ಥಹಳ್ಳಿ ಕಡೆಯವರು. ಮಳೆ ಹೊಸದಲ್ಲ. ಜಡಿಮಳೆಯಲ್ಲಿ ಕೊಡಚಾದ್ರಿ, ಕುಂದಾದ್ರಿ ಎಲ್ಲ ಹತ್ತಿದವರೇ. ಹಾಗಾಗಿ ಹೋಗಬಹುದು ಅಂತ ಗಂಡ ಹೇಳುತ್ತಾರೆ. ನನಗೆ ಸ್ವಲ್ಪ ಅನುಮಾನ. ಅಲ್ಲಿ ಇದ್ದವರು, ಹತ್ತಿದವರು ದಯವಿಟ್ಟು ಹೇಳಿ.

ಚಾರಣಿಗ ಧಾರವಾಡ:
ಹೋಗಿ ಬನ್ನಿ ರೀ! ಮಳೆಗೆ ಹೆದರಿ ಮನೇಲಿ ಕೂತರೆ ನಮ್ಮ ಕಡೆ ನಾಲ್ಕು ತಿಂಗಳು ಯಾರೂ ಗುಡ್ಡ ಹತ್ತೋ ಹಾಗಿಲ್ಲ. ಒಳ್ಳೆ ರೇನ್‌ಕೋಟ್ ತಗೊಳ್ಳಿ, ಹಿಡಿತ ಇರೋ ಶೂ ಹಾಕಿ. ಜಪಾನಿನಲ್ಲಿ ದಾರಿ ಗುರುತು ಚೆನ್ನಾಗಿರುತ್ತೆ, ಮೇಲೆ ಊಟ ಹಾಸಿಗೆ ಸಿಗೋ ಗುಡಿಸಲುಗಳಿವೆ. ಅಷ್ಟು ದುಡ್ಡು ಹಾಕಿ ಹೋಗಿ ಹೋಟೆಲ್ ಕಿಟಕಿಯಿಂದ ಮಳೆ ನೋಡೋದು ಯಾಕೆ?

ನಗಾನೊ ವಾಸಿ:
ಮಳೆಕಾಡು ಮೇಡಂ, ನಾನು ಮಾತ್ಸುಮೊತೊದಲ್ಲಿ ಬಹಳ ವರ್ಷದಿಂದ ಇದ್ದೇನೆ. ಕಾಮಿಕೋಚಿಗೆ ಹೋಗುವವರು ರೈಲು ಇಳಿಯೋ ಊರು ಇದು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಒಂದು ಮಾತು. ಪ್ರವಾಸ ರದ್ದು ಮಾಡಬೇಡಿ. ರದ್ದು ಮಾಡಬೇಕಾಗಿ ಬಂದರೆ ಬೆಟ್ಟದ ನೆತ್ತಿಯನ್ನು ಮಾತ್ರ ರದ್ದು ಮಾಡಿ. ಇವೆರಡನ್ನೂ ಒಂದೇ ಅಂದುಕೊಳ್ಳೋದರಿಂದಲೇ ಅರ್ಧ ಜನ ಸುಮ್ನೆ ಮನೆಯಲ್ಲಿ ಉಳಿಯುತ್ತಾರೆ, ಇನ್ನರ್ಧ ಜನ ಹೋಗಬಾರದ ಕಡೆ ಹೋಗುತ್ತಾರೆ.

ಇಲ್ಲಿನ ಮಳೆಗಾಲಕ್ಕೆ ತ್ಸುಯು ಅನ್ನುತ್ತಾರೆ. ನಮ್ಮ ಭಾಗದಲ್ಲಿ ಸರಾಸರಿ ಜೂನ್ 7ರ ಸುಮಾರಿಗೆ ಶುರು, ಜುಲೈ 19ರ ಸುಮಾರಿಗೆ ಮುಗಿಯುತ್ತೆ. ಮುಗಿಯೋ ಮೊದಲಿನ ವಾರವೇ ಎಷ್ಟೋ ವರ್ಷ ಹೆಚ್ಚು ಜೋರು. ನೀವು ಬರೋದು ಸರಿಯಾಗಿ ಆಗ. ಅದು ಮುಗಿದ ಮೇಲೆ ಸುಮಾರು ಹತ್ತು ದಿನ ಆಕಾಶ ತಿಳಿಯಾಗಿರೋದು ರೂಢಿ. ಇಲ್ಲಿನ ಚಾರಣಿಗರು ಕಾಯೋದು ಆ ಹತ್ತು ದಿನಕ್ಕೆ. ಆಗಸ್ಟ್ ನಡುವಿನಿಂದ ಚಂಡಮಾರುತಗಳ ಕಾಟ. ಅಂದರೆ ಬೇಸಿಗೆ ಚಾರಣ ಅಂದರೆ ಇಲ್ಲಿ ಹೇಗಿದ್ದರೂ ಹವಾಮಾನದ ಜೊತೆ ಹೊಂದಿಕೊಂಡು ಹೋಗೋದೇ.

ಈಗ ಮಲೆನಾಡಿನ ಮಾತು. ನಿಮ್ಮ ಗಂಡ ಹೇಳೋದರಲ್ಲಿ ಸತ್ಯ ಇದೆ. ಜಾರೋ ಕಲ್ಲು, ಬೇರು, ಕೆಸರು, ಇದೆಲ್ಲ ನಿಮ್ಮ ಕಾಲಿಗೆ ಗೊತ್ತು. ಆದರೆ ಕೊಡಚಾದ್ರಿ 1343 ಮೀಟರ್. ಅಲ್ಲಿ ಪೂರ್ತಿ ನೆನೆದರೂ ಮೈ ತಡೆದುಕೊಳ್ಳುತ್ತೆ, ಕೆಳಗಿಳಿದು ಬಿಸಿ ಕಾಫಿ ಕುಡಿದರೆ ಮುಗಿಯಿತು. ಯಾರಿಗಾತಕೆಯ (ಚಿಕ್ಕದಾಗಿ ‘ಯಾರಿ’ ಅನ್ನುತ್ತೇನೆ) ನೆತ್ತಿ ಹಾಗಲ್ಲ. ಲೆಕ್ಕ ಹಾಕಿ: ಮಾತ್ಸುಮೊತೊ 600 ಮೀಟರ್ ಎತ್ತರದಲ್ಲಿದೆ. ಮಳೆ ದಿನ ಇಲ್ಲಿ 24 ಡಿಗ್ರಿ ಇದೆ ಅಂದುಕೊಳ್ಳಿ. ಪ್ರತಿ 100 ಮೀಟರಿಗೆ ಸುಮಾರು 0.6 ಡಿಗ್ರಿ ಇಳಿಯುತ್ತೆ. 3000 ಮೀಟರಿನಲ್ಲಿ 10 ಡಿಗ್ರಿಗೂ ಕಡಿಮೆ. ಗಾಳಿ ಸೆಕೆಂಡಿಗೆ ಒಂದು ಮೀಟರ್ ಹೆಚ್ಚಾದಂತೆ ಮೈಗೆ ಒಂದು ಡಿಗ್ರಿ ಕಡಿಮೆ ಅನ್ನಿಸುತ್ತೆ ಅನ್ನೋದು ಇಲ್ಲಿನ ಚಾರಣಿಗರ ಅಂದಾಜು ಲೆಕ್ಕ. 15 ಮೀಟರ್ ಗಾಳಿ ಬೀಸಿದರೆ ಸೊನ್ನೆಗಿಂತ ಕೆಳಗೆ. ಜುಲೈ ತಿಂಗಳಲ್ಲಿ, ನೆಂದ ಬಟ್ಟೆಯಲ್ಲಿ, ಮರೆಗೆ ಒಂದು ಮರವೂ ಇಲ್ಲದ ಕಡೆ.

ಹಾಗಾಗಿ ಮಳೆ ಇದೆಯಾ ಅಂತ ಕೇಳೋದಕ್ಕಿಂತ, ನೆತ್ತಿಯ ಮೇಲೆ ಗಾಳಿ ಎಷ್ಟಿದೆ ಅಂತ ಕೇಳಿ. ಅದೇ ಮುಖ್ಯ.

ಸಪ್ಪೊರೊ ವಿದ್ಯಾರ್ಥಿ:
ನಗಾನೊ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಹೊಕ್ಕೈಡೋದ ತೊಮುರಾಉಶಿ ಬೆಟ್ಟದ ಬಗ್ಗೆ ಎಲ್ಲರೂ ತಿಳಿದುಕೊಳ್ಳಬೇಕು. ಎತ್ತರ ಬರೀ 2141 ಮೀಟರ್. 2009ರ ಜುಲೈ 16, ನಡುಬೇಸಿಗೆ. 15 ಜನ ಪ್ರವಾಸಿಗರು, 3 ಜನ ಮಾರ್ಗದರ್ಶಕರ ಗುಂಪು ಬೆಳಿಗ್ಗೆ ಐದೂವರೆಗೆ ಕೆರೆ ಪಕ್ಕದ ಗುಡಿಸಲಿನಿಂದ ಹೊರಟಿತು. ಮಳೆ ಗಾಳಿ ಆಗಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಕಡಿಮೆ ಆಗಬಹುದು ಅಂತ ಅಂದಾಜು. ಆಗಲಿಲ್ಲ. ಬಯಲಿನಂಥ ನೆತ್ತಿಯ ಮೇಲೆ ನಿಲ್ಲೋಕೂ ಆಗದ ಗಾಳಿ. ಒಬ್ಬೊಬ್ಬರಾಗಿ ಕುಸಿದರು. ಆ ಗುಂಪಿನಲ್ಲಿ 8 ಜನ ತೀರಿಕೊಂಡರು, ಅವರಲ್ಲಿ ಒಬ್ಬರು ಮಾರ್ಗದರ್ಶಕರು. ಅದೇ ದಿನ ಅದೇ ಬೆಟ್ಟದಲ್ಲಿ ಒಂಟಿಯಾಗಿ ಬಂದವರೊಬ್ಬರು, ಹತ್ತಿರದ ಬಿಯೆಯಿ ಬೆಟ್ಟದಲ್ಲಿ ಇನ್ನೊಬ್ಬರು. ಬಿದ್ದು ಸತ್ತವರಲ್ಲ, ದಾರಿ ತಪ್ಪಿ ಉಪವಾಸ ಬಿದ್ದವರಲ್ಲ. ಚಳಿಗೆ ಸತ್ತರು, ಜುಲೈ ತಿಂಗಳಲ್ಲಿ.

ಹೊಕ್ಕೈಡೋಗೆ ಮಳೆಗಾಲ ಇಲ್ಲ ಅಂತ ಎಲ್ಲ ಕಡೆ ಓದಿರುತ್ತೀರಿ. ಹವಾಮಾನ ಇಲಾಖೆ ಇಲ್ಲಿಗೆ ಮಳೆಗಾಲ ಘೋಷಿಸಲ್ಲ, ನಿಜ. ಆದರೆ ಇಲ್ಲಿನ 2000 ಮೀಟರ್ ಅಂದರೆ ನಗಾನೊ ಕಡೆಯ 3000 ಮೀಟರಿಗೆ ಸಮ ಅಂತ ಇಲ್ಲಿನವರು ಹೇಳುತ್ತಾರೆ. ನದಿ ದಾಟೋ ದಾರಿಗಳೂ ಇವೆ. ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದ ನೀರು ಮಳೆ ಬಂದರೆ ಸಂಜೆಗೆ ದಾಟೋ ಹಾಗಿರಲ್ಲ.

ಚಾರಣಿಗ ಧಾರವಾಡ:
ಓದಿ ಮನಸ್ಸು ಭಾರ ಆಯ್ತು. ಆದರೂ ಕೇಳ್ತೀನಿ, ಅಷ್ಟು ಜನರ ಹತ್ತಿರ ಜಾಕೆಟ್, ಸ್ವೆಟರ್ ಏನೂ ಇರಲಿಲ್ವಾ? ಅನುಭವ ಇದ್ದವರು ಅಲ್ವಾ?

ಮಂಗಳೂರು ಡಾಕ್ಟ್ರು:
ಈ ಪ್ರಶ್ನೆಗೆ ನಾನು ಉತ್ತರ ಹೇಳಬಹುದು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಶಾಖ ಸಾಗಿಸುತ್ತೆ. ಬಟ್ಟೆ ಚರ್ಮಕ್ಕೆ ಅಂಟಿತು ಅಂದರೆ ಮೈಯ ಬಿಸಿ ಸೋರಿ ಹೋಗುತ್ತಲೇ ಇರುತ್ತೆ. ಒಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಅದು ಹೈಪೋಥರ್ಮಿಯಾ. ಮೊದಲು ನಡುಕ. ಆಮೇಲೆ ಬೆರಳು ಮಾತು ಕೇಳಲ್ಲ, ಜಿಪ್ ಎಳೆಯೋಕೆ ಆಗಲ್ಲ. ಆಮೇಲೆ ನಾಲಿಗೆ ತೊದಲುತ್ತೆ, ಹೆಜ್ಜೆ ತಪ್ಪುತ್ತೆ. ಕೊನೆಗೆ ನಡುಕವೇ ನಿಲ್ಲುತ್ತೆ. ನಡುಕ ನಿಂತದ್ದನ್ನು ನೋಡಿ ಸುಧಾರಿಸಿಕೊಂಡರು ಅಂದುಕೊಳ್ಳಬಾರದು, ಅದು ತುಂಬಾ ಕೆಟ್ಟ ಸೂಚನೆ.

ಅಪಾಯ ಏನೆಂದರೆ ಇದು ಮೊದಲು ಬುದ್ಧಿಯನ್ನೇ ಮಂಕು ಮಾಡುತ್ತೆ. ಚೀಲದಲ್ಲಿ ಸ್ವೆಟರ್ ಇದ್ದರೂ ತೆಗೆದು ಹಾಕಿಕೊಳ್ಳಬೇಕು ಅಂತ ಹೊಳೆಯಲ್ಲ. ಗಾಳಿಯಲ್ಲಿ ನಿಂತು ಚೀಲ ಬಿಚ್ಚೋದು ಬೇಡ, ಮುಂದೆ ಹೋಗಿ ನೋಡೋಣ ಅನ್ನಿಸುತ್ತೆ. ಆದ್ದರಿಂದ ಬೆಚ್ಚಗಿನ ಪದರ ಹಾಕಿಕೊಳ್ಳಬೇಕಾದ್ದು ಮರಗಳು ಮುಗಿಯೋ ಜಾಗದಲ್ಲಿ, ಇನ್ನೂ ಚಳಿ ಆಗುವ ಮೊದಲು. ಹೊಟ್ಟೆ ಖಾಲಿ ಬಿಡಬೇಡಿ. ನಡುಗೋಕೂ ಶಕ್ತಿ ಬೇಕು. ಖರ್ಜೂರ, ಚಿಕ್ಕಿ, ಬೆಲ್ಲ ಜೇಬಿನಲ್ಲೇ ಇರಲಿ, ಚೀಲದ ತಳದಲ್ಲಿ ಬೇಡ.

ಜೊತೆಯವರು ತೊದಲಿದರೆ ಅಲ್ಲೇ ನಿಲ್ಲಿಸಿ, ಗಾಳಿ ಮರೆಗೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆ ಬದಲಿಸಿ, ಎದೆ ಹೊಟ್ಟೆಯ ಭಾಗ ಬೆಚ್ಚಗೆ ಮಾಡಿ. ನುಂಗೋಕೆ ಆಗುತ್ತಿದ್ದರೆ ಬಿಸಿ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ, ಮದ್ಯ ಕೊಡಲೇಬೇಡಿ.

ಮಳೆಕಾಡು:
ಎಲ್ಲರಿಗೂ ತುಂಬಾ ಧನ್ಯವಾದ. ಗಂಡನಿಗೆ ಓದಿ ಹೇಳಿದೆ, ಅವರೂ ಈಗ ಯೋಚನೆ ಮಾಡುತ್ತಿದ್ದಾರೆ. ನಗಾನೊ ಸರ್, ಗಾಳಿ ಎಷ್ಟಿದೆ ಅಂತ ನಮ್ಮಂಥವರು ಮೊದಲೇ ತಿಳಿಯೋದು ಹೇಗೆ? ಫೋನಿನಲ್ಲಿ ಬರೋದು ಊರಿನ ಹವಾಮಾನ ಅಲ್ವಾ? ಮತ್ತೆ, ನೆತ್ತಿ ಬಿಟ್ಟರೆ ಕೆಳಗೆ ನೋಡೋಕೆ ಏನಿದೆ?

ನಗಾನೊ ವಾಸಿ:
ವಿಂಡಿ ಅನ್ನೋ ಆ್ಯಪ್ ಹಾಕಿಕೊಳ್ಳಿ. ಎತ್ತರದ ಆಯ್ಕೆಯಲ್ಲಿ 700 ಹೆಕ್ಟೋಪಾಸ್ಕಲ್ ಒತ್ತಿ, ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್ ಲೆಕ್ಕಕ್ಕೆ ಬದಲಿಸಿ. ಅದು ಹೆಚ್ಚುಕಡಿಮೆ 3000 ಮೀಟರ್ ಎತ್ತರದ ಗಾಳಿ. 10ರೊಳಗಿದ್ದರೆ ನಡೆಯಬಹುದು. 15 ಅಂದರೆ ಕಲ್ಲಿನ ಮೇಲೆ ಹೆಜ್ಜೆ ಇಡೋದೇ ಕಷ್ಟ. 20ರಲ್ಲಿ ನಿಲ್ಲೋಕೆ ಆಗಲ್ಲ. ತೆಂಕಿ ತೊ ಕುರಾಸು ಅನ್ನೋ ಜಪಾನಿ ಜಾಲತಾಣದಲ್ಲಿ ಬೆಟ್ಟ ಬೆಟ್ಟಕ್ಕೂ ಎ, ಬಿ, ಸಿ ಅಂತ ದರ್ಜೆ ಹಾಕಿರುತ್ತಾರೆ. ಸಿ ಇದ್ದರೆ ಮೇಲೆ ಹೋಗಬೇಡಿ. ಎ ಇದ್ದರೂ ಅದೊಂದನ್ನೇ ನಂಬಬೇಡಿ, ಮಧ್ಯಾಹ್ನದ ಗುಡುಗು ಅದರಲ್ಲಿ ಸರಿಯಾಗಿ ಗೊತ್ತಾಗಲ್ಲ. ಎಲ್ಲಕ್ಕಿಂತ ಒಳ್ಳೇದು ಗುಡಿಸಲಿನವರನ್ನು ಕೇಳೋದು. ಸಂಜೆ ಊಟದ ಹೊತ್ತಿಗೆ ಮರುದಿನದ ಹವಾಮಾನ ಬೋರ್ಡಿನಲ್ಲಿ ಬರೆಯುತ್ತಾರೆ.

ನಿಮ್ಮ ದಾರಿ ನಿಜವಾಗಲೂ ಮಳೆಗೆ ಹೇಳಿ ಮಾಡಿಸಿದ್ದು. ಹೇಗೆ ಅಂತ ಹೇಳುತ್ತೇನೆ. ಕಾಮಿಕೋಚಿ 1500 ಮೀಟರ್. ಖಾಸಗಿ ಕಾರಿಗೆ ಪ್ರವೇಶ ಇಲ್ಲ, ಸಾವಾಂದೊ ಅಥವಾ ಹಿರಾಯು ಕಡೆಯಿಂದ ಬಸ್ಸಿನಲ್ಲಿ ಬರಬೇಕು. ಅಲ್ಲಿಂದ ಅಜುಸಾ ನದಿ ಪಕ್ಕದಲ್ಲೇ ಮ್ಯೋಜಿನ್, ತೊಕುಸಾವಾ, ಯೊಕೊ ಅಂತ ಒಂದೊಂದು ತಾಣ, ಒಟ್ಟು 11 ಕಿಲೋಮೀಟರ್, ಹೆಚ್ಚುಕಡಿಮೆ ಸಮತಟ್ಟು, ಪೂರ್ತಿ ಮರದ ನೆರಳು. ಕೊಡೆ ಹಿಡಿದು ನಡೆಯಬಹುದು. ಯೊಕೊದಿಂದ ಸುಮಾರು ಒಂದೂಮುಕ್ಕಾಲು ಗಂಟೆ ನಡೆದರೆ ಯಾರಿಸಾವಾ ಲಾಡ್ಜ್, 1820 ಮೀಟರ್. ಅಲ್ಲಿವರೆಗೂ ಕಾಡೇ. ಅಲ್ಲಿ ಸ್ನಾನದ ತೊಟ್ಟಿ ಕೂಡ ಇದೆ. ಸೋಪು ಶಾಂಪೂ ಹಾಕೋ ಹಾಗಿಲ್ಲ, ನೀರು ನೇರ ಹೊಳೆಗೆ ಹೋಗುತ್ತೆ. ಬಿಸಿನೀರಲ್ಲಿ ಸುಮ್ಮನೆ ಕೂತಿರಿ.

ನಿಮ್ಮ ತೀರ್ಮಾನದ ಜಾಗ ಈ ಲಾಡ್ಜ್. ಬೆಳಗಿನ ಜಾವ ಎದ್ದು ಗಾಳಿ ನೋಡಿ. ಚೆನ್ನಾಗಿದ್ದರೆ ಐದಕ್ಕೆ ಹೊರಟು ಮೇಲಿನ ಗುಡಿಸಲು ತಲುಪಿ. ಅದು 3000 ಮೀಟರ್ ದಾಟಿದೆ, ಅಲ್ಲಿಂದ ಶಿಖರಕ್ಕೆ ಕಬ್ಬಿಣದ ಏಣಿ, ಸರಪಳಿ. ಗಾಳಿ ಇದ್ದರೆ ಲಾಡ್ಜಿನಿಂದಲೇ ವಾಪಸ್. ವಾಪಸ್ ಬರೋ ದಾರಿಯೂ ಕಾಡಿನದೇ ಆದ್ದರಿಂದ ಸಿಕ್ಕಿಹಾಕಿಕೊಳ್ಳೋ ಭಯ ಕಡಿಮೆ. ಆದರೆ ಯಾರಿಯಿಂದ ಹೊತಾಕಾ ಶಿಖರಗಳ ಕಡೆಗೆ ನೆತ್ತಿಯ ಮೇಲೇ ನಡೆದು ಹೋಗೋ ದಾರಿ ಈ ವಾರ ಬೇಡವೇ ಬೇಡ. ನಡುವೆ ದೈಕಿರೆತ್ತೊ ಅನ್ನೋ ಕತ್ತರಿಸಿದಂಥ ಕಂದರ ಇದೆ. ಒಣಗಿದ ದಿನವೇ ಅಲ್ಲಿ ಜನ ಬೀಳುತ್ತಾರೆ.

ಇನ್ನೊಂದು ವಿಷಯ. ಜುಲೈನಲ್ಲಿ ಲಾಡ್ಜಿನ ಮೇಲೆ ಕಣಿವೆಯಲ್ಲಿ ಹಿಮದ ಹಾಸು ಉಳಿದಿರುತ್ತೆ. ಮಳೆಗೆ ಕಲ್ಲು ಸಡಿಲಾಗಿ ಹಿಮದ ಮೇಲೆ ಜಾರಿ ಬರುತ್ತೆ, ಶಬ್ದವೇ ಬರಲ್ಲ. ಅಲ್ಲಿ ತಲೆ ಎತ್ತಿ ನಡೆಯಬೇಕು. ಮಂಜು ದಟ್ಟ ಇದ್ದರೆ ಆ ಭಾಗಕ್ಕೆ ಕಾಲಿಡಬೇಡಿ.

ಫುಜಿ ಕನಸು:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದು ಆಗಸ್ಟ್, ಫುಜಿ. ಅದು ಸುಲಭ, ಎಲ್ಲರೂ ಹತ್ತುತ್ತಾರೆ ಅಂತ ಹೇಳುತ್ತಾರಲ್ಲ, ಮಳೆ ಬಂದರೆ ಪರವಾಗಿಲ್ವಾ?

ನಗಾನೊ ವಾಸಿ:
ಕಲ್ಲು ಹತ್ತೋ ಕಷ್ಟ ಇಲ್ಲ ಅನ್ನೋ ಅರ್ಥದಲ್ಲಿ ಸುಲಭ. ಆದರೆ 3776 ಮೀಟರ್, ಒಂಟಿ ಬೆಟ್ಟ, ಗಾಳಿಗೆ ಅಡ್ಡ ಏನೂ ಇಲ್ಲ. ಆಗಸ್ಟಿನಲ್ಲೂ ತುದಿಯ ಸರಾಸರಿ ಉಷ್ಣತೆ 6 ಡಿಗ್ರಿ. ಮಳೆ ಅಲ್ಲಿ ಮೇಲಿನಿಂದ ಬೀಳಲ್ಲ, ಅಡ್ಡಡ್ಡ ಬರುತ್ತೆ, ಎಷ್ಟೋ ಸಲ ಕೆಳಗಿನಿಂದಲೂ ಬರುತ್ತೆ. 2025ರಿಂದ ನಾಲ್ಕೂ ದಾರಿಗಳಲ್ಲಿ 4000 ಯೆನ್ ಶುಲ್ಕ. ಗುಡಿಸಲು ಬುಕ್ ಆಗಿರದಿದ್ದರೆ ಮಧ್ಯಾಹ್ನ 2ರಿಂದ ಬೆಳಗಿನ ಜಾವ 3ರವರೆಗೆ ಗೇಟಿನೊಳಗೆ ಬಿಡಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಒಂದೇ ಉಸಿರಿಗೆ ಹತ್ತಿ ಸೂರ್ಯೋದಯ ನೋಡೋ ಚಟ ತಡೆಯೋಕೆ ಮಾಡಿದ ನಿಯಮ, ನನಗೆ ಅದು ತುಂಬಾ ಸರಿ ಅನ್ನಿಸುತ್ತೆ. ಗುಡಿಸಲು ಬುಕ್ ಮಾಡಿ. ಜೊತೆಗೆ ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಿ.

ಒಸಾಕಾ ಅಮ್ಮ:
ಹೆಚ್ಚುವರಿ ದಿನ, ಹೌದು! ಚಿನ್ನದಂಥ ಮಾತು. ಊರಿನಿಂದ ಬರೋರೆಲ್ಲ ಒಂದು ಗಂಟೆ ಕೂಡ ಬಿಡದೆ ಪ್ಲಾನ್ ಹಾಕಿಕೊಂಡು ಬರುತ್ತಾರೆ. ಇವತ್ತು ಫುಜಿ, ನಾಳೆ ಕ್ಯೋಟೊ, ನಾಡಿದ್ದು ವಿಮಾನ. ಆಮೇಲೆ ಮಳೆಯಲ್ಲೂ ಹತ್ತಲೇಬೇಕು ಅನ್ನೋ ಒತ್ತಡ.

ಮಕ್ಕಳಿರೋರಿಗೆ, ಅತ್ತೆ ಮಾವ ಜೊತೆಗಿರೋರಿಗೆ ನನ್ನ ಸಲಹೆ ಕುಮಾನೊ ಕೊದೊ. ಹಳೇ ಯಾತ್ರೆಯ ದಾರಿ, 2004ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಮಲೆನಾಡಿನವರಿಗಂತೂ ತವರು ಮನೆಗೆ ಬಂದ ಹಾಗೆ ಆಗುತ್ತೆ. ಅದರಲ್ಲೂ ಓವಾಸೆ ಊರಿನ ಮಾಗೊಸೆ ಘಾಟಿ ನೋಡಿ. ಓವಾಸೆಯಲ್ಲಿ ವರ್ಷಕ್ಕೆ 4000 ಮಿ.ಮೀ. ಹತ್ತಿರ ಮಳೆ. ನಮ್ಮ ಆಗುಂಬೆಗೆ ಇನ್ನೂ ಹೆಚ್ಚು ಬೀಳುತ್ತೆ ಬಿಡಿ, ಆದರೂ ಜಪಾನಿನಲ್ಲಿ ಅದು ದೊಡ್ಡ ಲೆಕ್ಕ. ಆ ಮಳೆಗೆ ದಾರಿ ಕೊಚ್ಚಿ ಹೋಗಬಾರದು ಅಂತಲೇ ಹಿಂದಿನವರು ದಪ್ಪ ದಪ್ಪ ಕಲ್ಲು ಹಾಸಿದ್ದಾರೆ. ಎರಡೂ ಕಡೆ ಎತ್ತರದ ಹಿನೊಕಿ ಮರಗಳು, ಕೆಳಗೆ ಜರಿಗಿಡ, ಕಲ್ಲಿನ ಮೇಲೆ ಪಾಚಿ. ಸಣ್ಣ ಮಳೆಯಲ್ಲಿ ಅದರ ಚಂದವೇ ಬೇರೆ. ಕಲ್ಲು ಮಾತ್ರ ವಿಪರೀತ ಜಾರುತ್ತೆ. ಊರುಗೋಲು ಬೇಕೇ ಬೇಕು, ಇಳಿಯುವಾಗ ಮಕ್ಕಳ ಕೈ ಬಿಡಬೇಡಿ.

ನಗಾನೊ ವಾಸಿ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಗ್ಗಿನ ದಾರಿ ಅಂದಮಾತ್ರಕ್ಕೆ ಯಾವಾಗಲೂ ಸುರಕ್ಷಿತ ಅಲ್ಲ. 2011ರ ಸೆಪ್ಟೆಂಬರಿನ ಚಂಡಮಾರುತಕ್ಕೆ ಕುಮಾನೊ ಕೊದೊ ಇರೋ ಕೀ ಪರ್ಯಾಯ ದ್ವೀಪದಲ್ಲೇ ಗುಡ್ಡಗುಡ್ಡಗಳೇ ಕುಸಿದು ಬಹಳ ಜನ ಸತ್ತರು. ಜಿಟಿಜಿಟಿ ಮಳೆಗೆ ತಗ್ಗಿನ ಕಾಡು. ಭಾರಿ ಮಳೆಯ ಎಚ್ಚರಿಕೆ ಬಂದರೆ, ಚಂಡಮಾರುತ ಹತ್ತಿರ ಬಂದರೆ ಕಾಡೂ ಬೇಡ, ಊರಲ್ಲೇ ಇರಿ. ಬೆಟ್ಟದ ರಸ್ತೆಗಳನ್ನೂ ಮುಚ್ಚುತ್ತಾರೆ. ಕಿತಾದಾಕೆ ಬೆಟ್ಟಕ್ಕೆ ಹೋಗೋ ಹಿರೊಗಾವರಾ ಬಸ್ಸು ಮಳೆ ಜಾಸ್ತಿಯಾದರೆ ಓಡಲ್ಲ. ಹೊರಡೋ ದಿನ ಬೆಳಿಗ್ಗೆ ಬಸ್ ಕಂಪನಿಯ ಪುಟ ನೋಡಲೇಬೇಕು.

ಚಾರಣಿಗ ಧಾರವಾಡ:
ಸಾಮಾನಿನ ವಿಷಯ ಯಾರಾದರೂ ಸರಿಯಾಗಿ ಹೇಳಿ. ನನ್ನ ಹತ್ತಿರ ದೊಡ್ಡ ಪಾಂಚೊ ಇದೆ, ಚೀಲ ಸಮೇತ ಮುಚ್ಚುತ್ತೆ. ಸಾಕಾಗಲ್ವಾ?

ನಗಾನೊ ವಾಸಿ:
ಕಾಡಿನಲ್ಲಿ ಸಾಕು. ನೆತ್ತಿಯಲ್ಲಿ ಗಾಳಿ ತುಂಬಿಕೊಂಡು ನಿಮ್ಮನ್ನೇ ಎಳೆಯುತ್ತೆ, ಏಣಿ ಹತ್ತುವಾಗ ಕಾಲಿಗೆ ಸಿಕ್ಕುತ್ತೆ. ಜಾಕೆಟ್, ಪ್ಯಾಂಟ್ ಬೇರೆಬೇರೆ ಇರೋ ಮಳೆ ಉಡುಪು ಬೇಕು. ಗೋರ್‌ಟೆಕ್ಸ್ ಥರದ್ದು, ಒಳಗಿನ ಬೆವರು ಹೊರಗೆ ಹೋಗುವಂಥದ್ದು. ಪ್ಲಾಸ್ಟಿಕ್ಕಿನದು ಹಾಕಿದರೆ ಮಳೆಯಿಂದ ಒದ್ದೆ ಆಗದಿದ್ದರೂ ಬೆವರಿನಿಂದ ಒದ್ದೆ ಆಗುತ್ತೀರಿ. ಒದ್ದೆ ಯಾವುದರಿಂದ ಆದರೂ ಒದ್ದೆಯೇ. ಮಾತ್ಸುಮೊತೊದಲ್ಲಿ, ಟೋಕಿಯೋದಲ್ಲಿ ಬಾಡಿಗೆಗೂ ಸಿಗುತ್ತೆ.

ಒಳಗೆ ಹತ್ತಿ ಬಟ್ಟೆ ಬೇಡ, ಒಳಉಡುಪು ಸೇರಿ. ಜೀನ್ಸ್ ಅಂತೂ ಬೇಡವೇ ಬೇಡ. ಉಣ್ಣೆ ಅಥವಾ ಸಿಂಥೆಟಿಕ್. ಚೀಲದ ಹೊರಗಿನ ಹೊದಿಕೆ ಗಾಳಿಗೆ ಹಾರಿ ಹೋಗುತ್ತೆ, ಅದನ್ನು ನಂಬಬೇಡಿ. ಒಳಗಡೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಬಟ್ಟೆ ಇಟ್ಟು ಬಾಯಿ ಗಂಟು ಕಟ್ಟಿ. ಒಂದು ಜೊತೆ ಒಣ ಬಟ್ಟೆ ಯಾವ ಕಾರಣಕ್ಕೂ ಗುಡಿಸಲು ತಲುಪುವ ಮೊದಲು ತೆಗೆಯಬೇಡಿ. ನೆನೆದರೂ ಬೆಚ್ಚಗಿರೋ ಕೈಗವಸು, ತಲೆಗೆ ಕಟ್ಟೋ ಟಾರ್ಚು, ಗಾಳಿ ತಡೆಯೋ ತೆಳು ಟೆಂಟಿನಂಥ ಹಾಸು, ಇಷ್ಟು ಇರಲಿ.

ಯಾರಿ, ಹೊತಾಕಾ ಕಡೆ ಹತ್ತೋಕೆ ಚಾರಣದ ಯೋಜನೆಯನ್ನು ಮೊದಲೇ ಸಲ್ಲಿಸಬೇಕು. ನಗಾನೊ, ಗಿಫು ಎರಡೂ ಪ್ರಾಂತ್ಯದಲ್ಲಿ ಅದಕ್ಕೆ ಕಾನೂನೇ ಇದೆ. ಕಂಪಾಸ್ ಅನ್ನೋ ಜಾಲತಾಣದಲ್ಲಿ ತುಂಬಬಹುದು. ನಿಮ್ಮ ವಿಮೆ ಪತ್ರವನ್ನೂ ಓದಿ ನೋಡಿ, ಪ್ರವಾಸದ ವಿಮೆಗಳಲ್ಲಿ ಇಂತಿಷ್ಟು ಎತ್ತರದ ಮೇಲೆ ಅನ್ವಯಿಸಲ್ಲ ಅಂತ ಬರೆದಿರುತ್ತೆ. ಮೋಡ ಕವಿದರೆ ಹೆಲಿಕಾಪ್ಟರ್ ಬರಲ್ಲ ಅನ್ನೋದೂ ತಲೆಯಲ್ಲಿರಲಿ. ನಡೆದು ಬರೋ ರಕ್ಷಣಾ ತಂಡಕ್ಕೆ ಗಂಟೆಗಟ್ಟಲೆ ಬೇಕು.

ಸಪ್ಪೊರೊ ವಿದ್ಯಾರ್ಥಿ:
ಮಳೆ ಇಲ್ಲದ ದಿನವೂ ಬೇಗ ಹೊರಟು ಬೇಗ ಸೇರಿಕೊಳ್ಳೋದು ಇಲ್ಲಿನ ಪದ್ಧತಿ. ಮಧ್ಯಾಹ್ನ 3ರೊಳಗೆ ಗುಡಿಸಲಿನಲ್ಲಿ ಇರಬೇಕು. ಬೇಸಿಗೆ ಮಧ್ಯಾಹ್ನ ಗುಡುಗು ಮಿಂಚು ಎಲ್ಲಿಂದಲೋ ಬಂದು ಬಿಡುತ್ತೆ. 1967ರ ಆಗಸ್ಟ್ 1ರಂದು ನಿಶಿ ಹೊತಾಕಾದ ನೆತ್ತಿಯ ಮೇಲೆ ಶಾಲೆಯಿಂದ ಬಂದಿದ್ದ ಹುಡುಗರ ಗುಂಪಿಗೆ ಸಿಡಿಲು ಬಡಿಯಿತು. 11 ವಿದ್ಯಾರ್ಥಿಗಳು ಸತ್ತರು.

ನಗಾನೊ ವಾಸಿ:
ಹೌದು, ಮಾತ್ಸುಮೊತೊದ ಹೈಸ್ಕೂಲ್ ಮಕ್ಕಳು. ಆದ್ದರಿಂದಲೇ ಗುಡಿಸಲಿನವರು ಸಂಜೆ ನಾಲ್ಕರ ಮೇಲೆ ಬಂದವರನ್ನು ಗಟ್ಟಿಯಾಗಿ ಗದರುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಮೇಲಿನ ಕಾಳಜಿ ಅದು.

ಮಳೆಕಾಡು:
ಗುಡಿಸಲಿನಲ್ಲಿ ಸಸ್ಯಾಹಾರ ಸಿಗುತ್ತಾ? ನಾನು ಮೊಟ್ಟೆ ಕೂಡ ತಿನ್ನಲ್ಲ.

ಒಸಾಕಾ ಅಮ್ಮ:
ಕಷ್ಟ. ಅನ್ನ, ಉಪ್ಪಿನಕಾಯಿ, ಕೋಸಿನ ಹೋಳು ಸಿಗುತ್ತೆ. ಸಾರಿನಲ್ಲಿ ಮೀನಿನ ಪುಡಿ ಇದ್ದೇ ಇರುತ್ತೆ. ಬುಕ್ ಮಾಡುವಾಗ ಹೇಳಿ ನೋಡಿ, ಆಗದು ಅಂದರೆ ಊಟ ಬಿಟ್ಟು ಬರೀ ಮಲಗೋಕೆ ಬುಕ್ ಮಾಡಿದರೆ ದುಡ್ಡೂ ಕಡಿಮೆ. ನಾನು ಒಯ್ಯೋದು ತೆಳು ಅವಲಕ್ಕಿ, ಅದಕ್ಕೆ ಪುಳಿಯೋಗರೆ ಗೊಜ್ಜು, ಹುರಿದ ಕಡಲೆಬೀಜ. ಬಿಸಿನೀರು ಗುಡಿಸಲಿನಲ್ಲಿ ಕೊಳ್ಳಬಹುದು. ಮುಚ್ಚಳದ ಡಬ್ಬಿಯಲ್ಲಿ ಅವಲಕ್ಕಿಗೆ ಸ್ವಲ್ಪ ನೀರು ಚಿಮುಕಿಸಿ ಎರಡು ನಿಮಿಷ ಮುಚ್ಚಿಟ್ಟು ಗೊಜ್ಜು ಕಲಸಿದರೆ ಆಯ್ತು. ಚಟ್ನಿಪುಡಿ, ಒಣ ಚಪಾತಿ ಕೂಡ ಕೆಡಲ್ಲ. ದಾರಿಗೆ ಅಂಗಡಿಯ ಉಮೆ (ಹುಳಿ ಹಣ್ಣಿನ ಉಪ್ಪಿನಕಾಯಿ) ಹಾಕಿದ ಅನ್ನದ ಉಂಡೆ ತಗೊಳ್ಳಿ, ಒಳಗೇನಿದೆ ಅಂತ ಪಟ್ಟಿ ಓದಿಸಿ ನೋಡಿ. ಕಸ ಪೂರ್ತಿ ನೀವೇ ವಾಪಸ್ ತರಬೇಕು. ಶೌಚಾಲಯಕ್ಕೆ 100 ಯೆನ್ ನಾಣ್ಯಗಳು ಬೇಕು, ಒಂದಷ್ಟು ಇಟ್ಟುಕೊಳ್ಳಿ.

ಮಳೆ ದಿನ ಗುಡಿಸಲಿನ ಒಣಗಿಸೋ ಕೋಣೆ ನೋಡಬೇಕು ನೀವು. ನಡುವೆ ದೊಡ್ಡ ಸ್ಟವ್ ಉರಿಯುತ್ತಿರುತ್ತೆ, ಸುತ್ತ ಹಗ್ಗದ ಮೇಲೆ ಸಾಲು ಸಾಲು ಜಾಕೆಟ್ಟು, ಸಾಕ್ಸು, ಕೈಗವಸು. ಶೂ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ ಇಟ್ಟರೆ ಬೆಳಿಗ್ಗೆಗೆ ಅರ್ಧ ಒಣಗಿರುತ್ತೆ. ಗುರುತು ಪರಿಚಯ ಇಲ್ಲದ ಅಜ್ಜಂದಿರು ನಮ್ಮ ಶೂಗೂ ಪೇಪರ್ ತುರುಕಿ ಕೊಟ್ಟಿದ್ದಾರೆ.

ಚಾರಣಿಗ ಧಾರವಾಡ:
ಜಪಾನಿನಲ್ಲಿ ಉಂಬಳ ಇದೆಯಾ?

ಒಸಾಕಾ ಅಮ್ಮ:
ಇದೆ ಇದೆ! ಟೋಕಿಯೋ ಹತ್ತಿರದ ತಾಂಜಾವಾ ಬೆಟ್ಟಗಳಲ್ಲಿ ಮಳೆಗಾಲದಲ್ಲಿ ಬೇಕಾದಷ್ಟು. ಉಪ್ಪು ಇಟ್ಟುಕೊಳ್ಳಿ, ನಮ್ಮೂರಿನ ಉಪಾಯವೇ ಇಲ್ಲೂ. ಕಾಮಿಕೋಚಿ ಒಳಭಾಗದಲ್ಲಿ ಆ ಚಿಂತೆ ಬೇಡ.

ನಗಾನೊ ವಾಸಿ:
ಕೆಟ್ಟ ಹವಾಮಾನದಲ್ಲೇ ಸಿಗೋ ಒಂದು ಭಾಗ್ಯ ಹೇಳದೆ ಇರಲಾರೆ. ಎತ್ತರದ ಬೆಟ್ಟಗಳಲ್ಲಿ ರೈಚೊ ಅನ್ನೋ ಹಕ್ಕಿ ಇದೆ. ಬೇಸಿಗೆಯಲ್ಲಿ ಕಂದು ಬಣ್ಣ, ಚಳಿಗಾಲದಲ್ಲಿ ಪೂರ್ತಿ ಬಿಳಿ. ದೇಶ ಕಾಪಾಡಿಕೊಂಡು ಬಂದಿರೋ ಅಪರೂಪದ ಪ್ರಾಣಿಗಳಲ್ಲಿ ಒಂದು. ಬಿಸಿಲಿನ ದಿನ ಹದ್ದು ಗಿಡುಗದ ಭಯಕ್ಕೆ ಕುಳ್ಳ ಪೈನ್ ಪೊದೆಯೊಳಗೆ ಅಡಗಿರುತ್ತೆ. ಮಂಜು ಕವಿದಾಗ ಮರಿಗಳ ಜೊತೆ ದಾರಿಗೇ ಬರುತ್ತೆ. ಮನುಷ್ಯರಿಗೆ ಅಷ್ಟಾಗಿ ಹೆದರಲ್ಲ. ಅದನ್ನು ನೋಡೋಕೆ ಯಾರಿಗಾತಕೆಗೇ ಹೋಗಬೇಕು ಅಂತಿಲ್ಲ. ತಾತೆಯಾಮಾ ಬೆಟ್ಟದ ಮುರೊದೊವರೆಗೆ ಬಸ್ಸೇ ಹೋಗುತ್ತೆ, 2450 ಮೀಟರ್. ಅಲ್ಲಿ ಹಾಸಿದ ಕಲ್ಲಿನ ದಾರಿಯಲ್ಲಿ ಮಂಜಿನಲ್ಲಿ ನಿಧಾನಕ್ಕೆ ನಡೆಯುತ್ತಿದ್ದರೆ ಗೊರಗೊರ ಅಂತ ಕಪ್ಪೆಯ ಥರದ ದನಿ ಕೇಳಿಸುತ್ತೆ. ಅಲ್ಲೇ ನಿಂತುಬಿಡಿ. ದಾರಿ ಬಿಟ್ಟು ಹತ್ತಿರ ಹೋಗಬೇಡಿ.

ನೆತ್ತಿಯ ಮೇಲಿನ ಗುಡಿಸಲುಗಳಿಗೆ ಕುಡಿಯೋ ನೀರು ಎಷ್ಟೋ ಕಡೆ ಮಳೆಯಿಂದಲೇ. ಛಾವಣಿಯ ನೀರು ಹಿಡಿದಿಡುತ್ತಾರೆ. ಹತ್ತಿಪ್ಪತ್ತು ದಿನ ಬಿಸಿಲು ಬಂದರೆ ಅವರಿಗೆ ಚಿಂತೆ.

ಮಳೆಕಾಡು:
ನಿನ್ನೆ ಮಾತ್ಸುಮೊತೊಗೆ ವಾಪಸ್ ಬಂದೆವು. ಇಷ್ಟು ಸಹಾಯ ಮಾಡಿದ್ದೀರಿ, ಏನಾಯ್ತು ಅಂತ ಹೇಳಲೇಬೇಕು.

ಯೊಕೊವರೆಗೆ ಕೊಡೆ ಹಿಡಿದೇ ನಡೆದೆವು. ಅಜುಸಾ ನದಿ ಕಾಮಿಕೋಚಿಯಲ್ಲಿ ಹಸಿರು ಗಾಜಿನ ಹಾಗಿತ್ತು. ಮಧ್ಯಾಹ್ನ ಮಳೆ ಜೋರಾದ ಮೇಲೆ ಬೂದಿ ಬಣ್ಣಕ್ಕೆ ತಿರುಗಿತು, ನೀರಿನೊಳಗೆ ಕಲ್ಲು ಉರುಳೋ ಗುಡುಗುಡು ಶಬ್ದ ದಾರಿಗೂ ಕೇಳಿಸುತ್ತಿತ್ತು. ಯಾರಿಸಾವಾ ಲಾಡ್ಜಿನಲ್ಲಿ ಉಳಿದೆವು. ಸಂಜೆ ಬೋರ್ಡಿನಲ್ಲಿ ನಾಳೆ ನೆತ್ತಿಯಲ್ಲಿ ಗಾಳಿ 18 ಮೀಟರ್ ಅಂತ ಬರೆದಿದ್ದರು, ವಿಂಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಲಾಡ್ಜ್ ಹತ್ತಿರ ಗಾಳಿಯೇ ಇಲ್ಲ. ಮೈದುನ ಹೋಗೋಣ ಅಂದ. ಗಂಡ ಬಾಗಿಲ ಹತ್ತಿರ ನಿಂತು ಮೇಲಿನ ಮೋಡ ಓಡೋ ವೇಗ ತೋರಿಸಿ, ಬೇಡ ಅಂದರು. ಇಳಿದೆವು. ಮೈದುನನಿಗೆ ಬೇಸರ ಆಗಿದೆ, ನನಗೂ ಇಲ್ಲ ಅಂತ ಹೇಳಲ್ಲ. ಮಳೆ ನಿಂತ ಒಂದು ಗಳಿಗೆಯಲ್ಲಿ ಕೂಡ ಯಾರಿ ಕಾಣಿಸಲಿಲ್ಲ.

ಇನ್ನೂ ಎರಡು ದಿನ ಉಳಿದಿದೆ. ಮಳೆ ಹೀಗೇ ಇರುತ್ತಂತೆ. ಎಲ್ಲಿಗೆ ಹೋಗೋಣ ಸರ್?

ನಗಾನೊ ವಾಸಿ:
ಒಳ್ಳೆ ತೀರ್ಮಾನ ಮಾಡಿದ್ದೀರಿ ಅಂತ ನಿಮ್ಮ ಯಜಮಾನರಿಗೆ ಹೇಳಿ. ಆ ದಿನ ಮೇಲಿನ ಮರವಿಲ್ಲದ ಇಳಿಜಾರಿನಲ್ಲಿ ಮೂರು ಗಂಟೆ ನಡೀಬೇಕಾಗಿತ್ತು.

ಎರಡು ದಿನಕ್ಕೆ ಕಿತಾ ಯಾತ್ಸುಗಾತಾಕೆ ಬೆಟ್ಟಸಾಲಿನ ಶಿರಾಕೊಮಾ ಕೆರೆಗೆ ಹೋಗಿ. ಮಾತ್ಸುಮೊತೊದಿಂದ ಚಿನೊಗೆ ರೈಲು, ಅಲ್ಲಿಂದ ಬೇಸಿಗೆಯಲ್ಲಿ ಬಸ್. 2115 ಮೀಟರ್ ಎತ್ತರ ಆದರೂ ಸುತ್ತ ದಟ್ಟ ಕಾಡು, ಗಾಳಿ ಒಳಗೆ ಬರಲ್ಲ. ನೆಲ, ಬಂಡೆ, ಬಿದ್ದ ಮರ, ಎಲ್ಲದರ ಮೇಲೂ ಪಾಚಿ. ಜಪಾನಿನವರು ಭೂತಗನ್ನಡಿ ಹಿಡಿದು ಮಂಡಿಯೂರಿ ನೋಡುತ್ತಿರುತ್ತಾರೆ. ಬಿಸಿಲಿನಲ್ಲಿ ಹೋದರೆ ಪಾಚಿ ಮುದುಡಿ ಮಂಕಾಗಿರುತ್ತೆ, ಮಳೆಯಲ್ಲಿ ಮಾತ್ರ ಅರಳಿ ನಿಲ್ಲುತ್ತೆ. ನಿಮಗೆ ಸಿಕ್ಕಿರೋದು ಅದಕ್ಕೆ ಸರಿಯಾದ ವಾರ. ಕೆರೆ ದಂಡೆಯಲ್ಲೇ ಉಳಿಯೋಕೆ ಗುಡಿಸಲಿದೆ. ಅಲ್ಲಿಂದ ಒಂದು ಗಂಟೆ ಹತ್ತಿದರೆ ತಾಕಾಮಿಇಶಿ ಗುಡಿಸಲು. ಹಿಂದಿರೋ ಬಂಡೆಗಳ ಮೇಲೆ ಮಳೆಯಲ್ಲಿ ಹತ್ತಬೇಡಿ, ಒಳಗೆ ಕೂತು ಏನಾದರೂ ಬಿಸಿ ಕುಡಿದು ಬನ್ನಿ. ಮರದ ಹಲಗೆ ದಾರಿ ಜಾರುತ್ತೆ, ಹಲಗೆಯ ನಡುವೆ ಪಾದ ಪೂರ್ತಿ ಊರಿ ನಡೆಯಿರಿ.

ಫುಜಿ ಕನಸು:
ನಾನೂ ಓದಿ ಗುಡಿಸಲು ಬುಕ್ ಮಾಡಿದೆ, ಒಂದು ದಿನ ಹೆಚ್ಚುವರಿ ಇಟ್ಟಿದ್ದೇನೆ. ಚಂಡಮಾರುತ ಬರೋ ಸೂಚನೆ ಇದ್ದರೆ ಬುಕಿಂಗ್ ಏನು ಮಾಡೋದು?

ನಗಾನೊ ವಾಸಿ:
ಫೋನ್ ಮಾಡಿ ರದ್ದು ಮಾಡಿ, ಸುಮ್ಮನೆ ಹೋಗದೆ ಇರಬೇಡಿ. ಬರಬೇಕಾದವರು ಬರದಿದ್ದರೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಅವರು ಚಿಂತೆ ಮಾಡುತ್ತಾರೆ. ರದ್ದತಿ ಶುಲ್ಕ ಗುಡಿಸಲಿನಿಂದ ಗುಡಿಸಲಿಗೆ ಬೇರೆ, ಬುಕ್ ಮಾಡಿದ ಪುಟದಲ್ಲೇ ಬರೆದಿರುತ್ತೆ. ಜಪಾನಿ ಬರಲ್ಲ ಅಂದರೆ ಹೋಟೆಲಿನ ಕೌಂಟರಿನವರಿಗೆ ಹೇಳಿ, ಅವರೇ ಮಾತಾಡುತ್ತಾರೆ. ಚಂಡಮಾರುತ ದಾಟಿದ ಮರುದಿನ ಆಕಾಶ ತಿಳಿಯಾಗಿದ್ದರೂ ಮೇಲೆ ಗಾಳಿ ಉಳಿದಿರುತ್ತೆ. 700 ಹೆಕ್ಟೋಪಾಸ್ಕಲ್ ನೋಡಿಯೇ ಹೊರಡಿ.

ಮಳೆಕಾಡು:
ಶಿರಾಕೊಮಾ ಕೆರೆಯ ಗುಡಿಸಲಿನಲ್ಲಿ ಇವತ್ತು ರಾತ್ರಿಗೆ ಜಾಗ ಸಿಕ್ಕಿತು. ಚಿನೊ ರೈಲಿನಲ್ಲಿದ್ದೇವೆ. ಮೈದುನ ಮುಂದಿನ ವರ್ಷ ಜುಲೈ 25ರ ಮೇಲೆ ರಜೆ ಕೇಳುತ್ತಾನಂತೆ, ಈಗಲೇ ಬಾಸ್‌ಗೆ ಮೇಲ್ ಬರೆಯುತ್ತಿದ್ದಾನೆ.